ಚೀಲದ ಮೇಲಿನ ಬರಹ

ತಿಪಟೂರಿನ ಮಾರುಕಟ್ಟೆಯ ಹಿಂದುಗಡೆ ನನ್ನದೊಂದು ಹಳೇ ಚೀಲದ ಅಂಗಡಿ. ಅಲ್ಲಿ ನಗುವಂಥದ್ದು ಏನು ನಡೆದೀತು ಎಂದು ನೀವು ಕೇಳಬಹುದು. ದಿನಾ ಒಂದಲ್ಲ ಒಂದು ನಡೆಯುತ್ತಲೇ ಇರುತ್ತದೆ. ಕೊಬ್ಬರಿ ಹರಾಜಿನ ದಿನವಂತೂ ನಾನು ಬಾಗಿಲು ತೆಗೆಯುವ ಮೊದಲೇ ಜಗಳವೊಂದು ಬಂದು ಮೆಟ್ಟಿಲ ಮೇಲೆ ಕೂತು ನನ್ನನ್ನೇ ಕಾಯುತ್ತಿರುತ್ತದೆ.

ನನ್ನ ವ್ಯಾಪಾರ ಎಂಥದ್ದು ಎಂದು ಮೊದಲೇ ಹೇಳಿಬಿಡುತ್ತೇನೆ. ಸಕ್ಕರೆ, ಈರುಳ್ಳಿ, ಬೇಳೆ ತುಂಬಿಕೊಂಡು ಎಲ್ಲೆಲ್ಲಿಂದಲೋ ಬಂದ ಚೀಲಗಳು ಖಾಲಿಯಾದ ಮೇಲೆ ನನ್ನಲ್ಲಿಗೆ ಬರುತ್ತವೆ. ನಾನು ಕೊಡವಿ, ತೂತು ಹೊಲಿಸಿ, ಕೊಬ್ಬರಿಯವರಿಗೆ ಮಾರುತ್ತೇನೆ. ಹಾಗಾಗಿ ನಮ್ಮಲ್ಲಿ ಚೀಲದ ಮೇಲೆ ಬರೆದಿರುವುದು ಒಂದು, ಒಳಗಿರುವುದು ಇನ್ನೊಂದು. ಯಾರೂ ಅದನ್ನು ಓದುವುದಿಲ್ಲ, ಕೈ ಹಾಕಿ ನೋಡುತ್ತಾರೆ. ಬರಹ ತೀರಾ ಕಣ್ಣಿಗೆ ಹೊಡೆಯುವಂತಿದ್ದರೆ ಚೀಲವನ್ನು ತಿರುವಿ, ಒಳಮೈ ಹೊರಗೆ ಮಾಡಿ ತುಂಬುತ್ತಾರೆ. ಬದುಕಿಡೀ ಇದನ್ನೇ ನೋಡಿಕೊಂಡು ಬಂದ ನನಗೆ, ಮನುಷ್ಯರು ಮನುಷ್ಯರ ಮೇಲೆ ಬರೆಯುವುದನ್ನು ಕಂಡರೆ ಮೊದಲು ನಗು ಬರುತ್ತದೆ, ಆಮೇಲೆ ಅದನ್ನೂ ತಿರುವಿ ಹಾಕೋಣ ಅನಿಸುತ್ತದೆ.

೧. ಮುಖ ಒಳಗೆ ಹೋದ ಚೀಲ

ಚುನಾವಣೆ ಬಂತೆಂದರೆ ಪಕ್ಷದವರು ತಮ್ಮ ನಾಯಕರ ಮುಖ ಅಚ್ಚು ಹಾಕಿಸಿ ಚೀಲ ಹಂಚುತ್ತಾರೆ. ನಮ್ಮ ಕಡೆಯ ಹೆಂಗಸರು ಈ ವಿಷಯದಲ್ಲಿ ಭೇದ ಮಾಡುವವರಲ್ಲ. ಈ ಪಕ್ಷದ ಸಮಾವೇಶಕ್ಕೂ ಹೋಗುತ್ತಾರೆ, ಆ ಪಕ್ಷದ್ದಕ್ಕೂ ಹೋಗುತ್ತಾರೆ. ಹೊಲಿಗೆ ಗಟ್ಟಿಯಿದೆಯಾ ಎಂದು ಎಳೆದು ನೋಡಿ ಚೀಲ ತರುತ್ತಾರೆ. ಹಾಗಾಗಿ ಒಂದೊಂದು ಮನೆಯ ಗೂಟದಲ್ಲೂ ಎಲ್ಲ ಪಕ್ಷದ ನಾಯಕರೂ ಒಬ್ಬರ ಮೇಲೊಬ್ಬರು ನೇತಾಡುತ್ತಿರುತ್ತಾರೆ.

ಒಮ್ಮೆ ಹುಳಿಯಾರು ಕಡೆಯ ರೈತನೊಬ್ಬ ಅಂಥದೇ ಚೀಲದಲ್ಲಿ ಒಂದಿಷ್ಟು ಕೊಬ್ಬರಿ ತಂದ. ಅವನು ಹೋಗಿ ನಿಂತ ಅಂಗಡಿಯ ವ್ಯಾಪಾರಿ ಎದುರು ಪಕ್ಷದವನು. ಚೀಲದ ಮೇಲಿನ ಮುಖ ನೋಡುತ್ತಲೇ ತನ್ನ ಮುಖ ಗಂಟು ಹಾಕಿಕೊಂಡ.

“ಮಾಲು ಯಾಕೋ ಮಂಕಾಗೈತೆ ಕಣಪ್ಪ. ಎಣ್ಣೆ ಅಂಶ ಇಲ್ಲ. ಬೇರೆ ಕಡೆ ನೋಡು” ಅಂದ.

ರೈತ ಎದುರು ಮಾತಾಡದೆ ನನ್ನ ಅಂಗಡಿಗೆ ಬಂದ. ಕೊಬ್ಬರಿ ಸುರಿದು, ಚೀಲ ತಿರುವಿ, ಮತ್ತೆ ತುಂಬಿಕೊಂಡು ಅದೇ ವ್ಯಾಪಾರಿಯ ಮುಂದೆ ಹೋಗಿ ನಿಂತ. ಮೊದಲ ಸಲ ವ್ಯಾಪಾರಿ ನೋಡಿದ್ದು ಚೀಲವನ್ನೇ ಹೊರತು ಅದನ್ನು ಹೊತ್ತವನನ್ನಲ್ಲ. ಈಗ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದ.

“ನೋಡು, ಕೊಬ್ಬರಿ ಅಂದ್ರೆ ಇದು. ಈಗ ತಾನೆ ಒಬ್ಬ ತಂದಿದ್ದ, ಥೂ” ಅಂದ.

“ಹೂಂ ಸ್ವಾಮಿ, ನಾನೂ ನೋಡ್ದೆ ಅವನ್ನ” ಅಂದ ರೈತ.

೨. ಹಲ್ಲಿಗೆ ಹೆದರುವ ನಕ್ಸಲ್

ನನ್ನ ಅಂಗಡಿಯ ಚೀಲದ ರಾಶಿಯ ಮೇಲೆ ಕಾಯಂ ಆಗಿ ಕೂರುವ ಇಬ್ಬರಿದ್ದರು. ನಾನೂ ಸೇರಿ ಮೂವರೂ ಒಂದೇ ಹೈಸ್ಕೂಲಿನಲ್ಲಿ ಓದಿದವರು. ಒಬ್ಬನಿಗೆ ತುರುವೇಕೆರೆ ರಸ್ತೆಯಲ್ಲಿ ತೆಂಗಿನ ತೋಟ. ಇನ್ನೊಬ್ಬ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತನಾದವನು, ಊರಿಗೆಲ್ಲಾ ಮೇಷ್ಟ್ರು. ತೋಟದವನ ಮಗನಿಗೆ ಮೇಷ್ಟ್ರ ಮಗಳನ್ನು ಕೊಟ್ಟಿದ್ದರಿಂದ ಇಬ್ಬರೂ ಬೀಗರು. ಆ ಸಂಬಂಧ ಕುದುರಿದ್ದು ನನ್ನ ಈರುಳ್ಳಿ ಚೀಲದ ಮೇಲೆ, ನಾನೇ ಮಧ್ಯಸ್ಥ. ಬೀಗರಾದ ಮೇಲೂ ಅವರ ಮಾತು ‘ಲೇ’ ಬಿಟ್ಟು ಮೇಲೇರಲಿಲ್ಲ. ನನಗೆ ಅದೇ ಹಿತವಾಗಿತ್ತು.

ಇಬ್ಬರೂ ಬೇರೆ ಬೇರೆ ಪಕ್ಷದವರು. ಅದೇನು ಹೊಸದಲ್ಲ. ಮೊದಲೆಲ್ಲ “ನಿಮ್ಮೋನು ಬರೀ ಭಾಷಣ ಕಣ್ಲಾ”, “ನಿಮ್ಮೋನು ಬರೀ ನಿದ್ದೆ ಕಣ್ಲಾ” ಎಂದು ಬೈದಾಡಿಕೊಂಡು ಒಂದೇ ತಟ್ಟೆಯಲ್ಲಿ ಬೋಂಡಾ ತಿನ್ನುತ್ತಿದ್ದರು. ಆಮೇಲೆ ನಮ್ಮ ಹೈಸ್ಕೂಲಿನವರ ವಾಟ್ಸಾಪ್ ಗುಂಪು ಶುರುವಾಯಿತು. ಅದರಲ್ಲಿ ದಿನಾ ಬೆಳಿಗ್ಗೆ ದೇವರ ಫೋಟೋ ಜೊತೆಗೆ ಹೊಸ ಹೊಸ ಪದಗಳು ಬರತೊಡಗಿದವು. ಭಕ್ತ, ಗುಲಾಮ, ಲದ್ದಿಜೀವಿ, ಅರ್ಬನ್ ನಕ್ಸಲ್, ದೇಶದ್ರೋಹಿ. ಎಲ್ಲವೂ ಯಾರೋ ಅಚ್ಚು ಹಾಕಿ ಕಳಿಸಿದವು.

ಒಂದು ದಿನ ತೋಟದವನು ಗುಂಪಿನಲ್ಲಿ ಮೇಷ್ಟ್ರನ್ನು ಅರ್ಬನ್ ನಕ್ಸಲ್ ಅಂದುಬಿಟ್ಟ. ಮೇಷ್ಟ್ರು ತಿರುಗಿ ಇವನನ್ನು ಗುಲಾಮ ಅಂದ. ನನಗೆ ಎರಡೂ ನಂಬಲಾಗಲಿಲ್ಲ. ತೋಟದವನು ಬಿಪಿ ಮಾತ್ರೆ ನುಂಗು ಎಂದ ಡಾಕ್ಟರ ಮಾತನ್ನೇ ಕೇಳಿದವನಲ್ಲ, ಅವನು ಯಾರ ಗುಲಾಮ? ಇನ್ನು ಮೇಷ್ಟ್ರು. ಮೇಷ್ಟ್ರ ಹೆಂಡತಿ ಒಂದು ಸಂಜೆ ಅಂಗಡಿಗೆ ಬಂದವರು ನನ್ನನ್ನು ಕೇಳಿದರು.

“ಅಣ್ಣಾ, ನಕ್ಸಲ್ ಅಂದ್ರೆ ಕಾಡಲ್ಲಿ ಬಂದೂಕ ಹಿಡ್ಕೊಂಡು ಓಡಾಡೋರಲ್ವಾ?”

“ಹೌದಮ್ಮ.”

“ಬಚ್ಚಲಲ್ಲಿ ಹಲ್ಲಿ ಅದೆ ಅಂತ ಮೂರು ದಿನದಿಂದ ಇವ್ರು ಸ್ನಾನ ಮಾಡಿಲ್ಲ. ಯಾರನ್ನಾದ್ರೂ ನಿಜವಾದ ನಕ್ಸಲ್ ಇದ್ರೆ ಕಳ್ಸಿ, ಹಲ್ಲಿ ಓಡ್ಸಿಕೊಡ್ಲಿ” ಅಂದರು.

೩. ಒಂದೇ ಬೇಡಿಕೆಯ ಜಗಳ

ಅದಾಗಿ ಕೆಲವು ದಿನಕ್ಕೆ ಅಂಗಡಿಯಲ್ಲಿ ನಡೆದ ಜಗಳ ನೆನೆದರೆ ಈಗಲೂ ನಗು ಬರುತ್ತದೆ. ಆದರೆ ಅವರಿಬ್ಬರ ನಡುವಿನ ದಾರ ಹರಿದದ್ದೂ ಅವತ್ತೇ. ಸರ್ಕಾರದ ಕೊಬ್ಬರಿ ಖರೀದಿ ಕೇಂದ್ರ ಇನ್ನೂ ತೆರೆದಿರಲಿಲ್ಲ. ಬೇಗ ತೆರೆಯಬೇಕಿತ್ತು ಅಂತ ಮೇಷ್ಟ್ರು ಅಂದ.

“ನೀವು ಲದ್ದಿಜೀವಿಗಳು ಎಲ್ಲಾದ್ರಲ್ಲೂ ತಪ್ಪೇ ಹುಡುಕ್ತೀರ” ಅಂದ ತೋಟದವನು.

“ನೀವು ಭಕ್ತರಿಗೆ ಕೊಬ್ಬರಿ ಕೊಳೆತ್ರೂ ಪರವಾಗಿಲ್ಲ, ನಿಮ್ಮೋರನ್ನ ಯಾರೂ ಏನೂ ಅನ್ನಂಗಿಲ್ಲ.”

“ತೋಟ ಇರೋದು ನಂದು. ಕೇಂದ್ರ ತೆರೀದೆ ಹೋದ್ರೆ ನಷ್ಟ ಆಗೋದು ನಂಗೆ. ನೀನ್ಯಾರ್ಲಾ ಹೇಳಕ್ಕೆ?”

“ಅದ್ನೇ ಕಣ್ಲಾ ನಾನು ಹೇಳ್ತಿರೋದು!”

“ನೀನು ಹೇಳೋ ರೀತಿ ಹಂಗಿಲ್ಲ. ಟೂಲ್‌ಕಿಟ್ ತರ ಐತೆ, ಯಾರೋ ಬರ್ಕೊಟ್ಟಂಗೆ.”

ಹೀಗೇ ಬೆಳೆಯಿತು. ಚಿಕ್ಕನಾಯಕನಹಳ್ಳಿ ಕಡೆಯ ಅಜ್ಜಿಯೊಬ್ಬಳು ಚೀಲ ಕೊಳ್ಳಲು ಬಂದು ನಿಂತಿದ್ದಳು. ಅವಳು ಆರಿಸಿದ್ದ ಚೀಲಗಳ ಮೇಲೆಯೇ ಇವರಿಬ್ಬರೂ ಕೂತಿದ್ದರು.

“ಏನಂತಪ್ಪ ಇವರಿಗೆ?” ಎಂದು ಅಜ್ಜಿ ನನ್ನನ್ನು ಕೇಳಿದಳು.

“ಖರೀದಿ ಕೇಂದ್ರ ಬೇಗ ತೆರೀಬೇಕಂತೆ ಅಜ್ಜಿ.”

“ಯಾರಿಗೆ ಬೇಕಂತೆ?”

“ಇಬ್ಬರಿಗೂ.”

“ಹಂಗಾರೆ ಜಗಳ ಯಾಕೆ?”

ಇಬ್ಬರಲ್ಲಿ ಒಬ್ಬ ಆಗ ನಕ್ಕುಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ನಾನು ಅದನ್ನೇ ಕಾದೆ. ಯಾರೂ ನಗಲಿಲ್ಲ. ನಾಚಿಕೆಗೆ ಇಬ್ಬರ ಮುಖವೂ ಕೆಂಪಾಯಿತು. ಮೇಷ್ಟ್ರು ಎದ್ದು ಚಪ್ಪಲಿ ಮೆಟ್ಟಿಕೊಂಡು, “ಬರ್ತೀನಿ ರೀ” ಅಂದ. ತೋಟದವನೂ ಎದ್ದು, “ಆಯ್ತು, ಬನ್ನಿ” ಅಂದ.

ಅಷ್ಟು ವರ್ಷದ ‘ಲೇ’ ಹೋಗಿ ‘ರೀ’ ಬಂದದ್ದು ನನಗೆ ಸಹಿಸಲಾಗಲಿಲ್ಲ. ಅಜ್ಜಿಗೆ ಮಾತ್ರ ತುಂಬಾ ಖುಷಿಯಾಯಿತು.

“ನೋಡಪ್ಪ, ಮರ್ಯಾದಸ್ಥರು. ಕೇಳಿದ ತಕ್ಷಣ ನನ್ನ ಚೀಲದ ಮೇಲಿಂದ ಎದ್ದರು” ಅಂದಳು.

೪. ಹುಡುಗಿಗೆ ಏನಾಗಿದೆ

ಇಬ್ಬರಿಗೂ ಸೇರಿದ ಮೊಮ್ಮಗಳು ಒಬ್ಬಳಿದ್ದಾಳೆ. ಎರಡನೇ ಕ್ಲಾಸು. ಅವಳ ಅಮ್ಮ, ಅಂದರೆ ಮೇಷ್ಟ್ರ ಮಗಳು, ಇಲ್ಲೇ ಊರಿನ ಶಾಲೆಯೊಂದರಲ್ಲಿ ಟೀಚರ್. ಸ್ಕೂಲು ಬಿಟ್ಟ ಮೇಲೆ ಅಮ್ಮನ ಕೆಲಸ ಮುಗಿಯುವವರೆಗೆ ಹುಡುಗಿ ನನ್ನ ಅಂಗಡಿಯಲ್ಲಿರುತ್ತಾಳೆ. ಅವಳೂ ನಮಗೆ ಹೆಸರಿಟ್ಟಿದ್ದಾಳೆ: ಒಬ್ಬ ತೋಟದ ತಾತ, ಸದಾ ಪೇಪರ್ ಹಿಡಿದಿರುವ ಮೇಷ್ಟ್ರು ಪೇಪರ್ ತಾತ, ನಾನು ಚೀಲದ ತಾತ. ಚೀಲ ತಿರುವಿ ಹಾಕುವುದೆಂದರೆ ಅವಳಿಗೆ ಬಲು ಇಷ್ಟ. ಒಳಗೆ ಕೈ ಹಾಕಿ ಮೂಲೆ ಹಿಡಿದು ಒಂದೇ ಸಲಕ್ಕೆ ಎಳೆಯುತ್ತಾಳೆ.

ಜಗಳವಾದ ಮೇಲಿನ ವಾರ ಹುಡುಗಿ ರಾಶಿಯ ಮೇಲೆ ಕೂತವಳು ಕೂತಂತೆ ಧುಮುಕುವುದು, ಮತ್ತೆ ಹತ್ತುವುದು, ಮತ್ತೆ ಧುಮುಕುವುದು ಮಾಡುತ್ತಿದ್ದಳು. ತೋಟದವನು ಬಂದಿದ್ದಾಗ ನೋಡಿ, “ಗಂಡುಬೀರಿ ಆಗವ್ಳೆ ಕಣಪ್ಪ, ತಾಯಿ ಕಡೆ ಬುದ್ಧಿ” ಅಂದ. ಈಗ ಅವರಿಬ್ಬರೂ ಬೇರೆ ಬೇರೆ ಹೊತ್ತಿಗೆ ಬರುತ್ತಿದ್ದರು. ಮೇಷ್ಟ್ರು ಸಂಜೆ ಬಂದು ಕನ್ನಡಕ ಏರಿಸಿ ನೋಡಿ, “ಇದು ಹೈಪರ್ ಆ್ಯಕ್ಟಿವಿಟಿ. ಪುರವಣಿಯಲ್ಲಿ ಬಂದಿತ್ತು. ತಂದೆ ಕಡೆಯಿಂದ ಬಂದಿರಬೇಕು” ಅಂದ. ಅವಳ ಅಮ್ಮ ಬಂದಳು. ಆ ಮಗಳು ಒಳ್ಳೆಯವಳು, ಮಗುವನ್ನು ಸರಿಯಾಗಿ ಬೆಳೆಸಬೇಕೆಂದು ರಾತ್ರಿಯೆಲ್ಲ ಮೊಬೈಲಿನಲ್ಲಿ ಪಾಠ ಕೇಳುತ್ತಾಳೆ.

“ಹಂಗೆಲ್ಲ ಮಗೂಗೆ ಲೇಬಲ್ ಹಚ್ಚಬಾರದು ಅಪ್ಪ. ಅವಳು ಸ್ಟ್ರಾಂಗ್ ವಿಲ್ಡ್ ಚೈಲ್ಡ್, ಅಂದ್ರೆ ಛಲ ಇರೋ ಮಗು. ಇದು ಎನರ್ಜಿ ರಿಲೀಸ್” ಅಂದಳು.

ಮೂವರೂ ಹೇಳಿದ್ದು ಕೇಳಿ ನನಗೂ ಭಯವಾಯಿತು. ಮರುದಿನ ಬೇರೆ ಯಾರೂ ಬರುವ ಮೊದಲು ಹುಡುಗಿಯನ್ನು ಹತ್ತಿರ ಕರೆದು, “ಯಾಕವ್ವಾ ಹಂಗೆ ನೆಗೀತೀಯ?” ಅಂದೆ.

“ಅದು ಸಕ್ಕರೆ ಚೀಲ ತಾತ. ಇರುವೆ ಕಚ್ತವೆ.”

ನೋಡಿದರೆ ಮಂಡಿಯಿಂದ ಕೆಳಗೆ ಕಾಲೆಲ್ಲ ಕೆಂಪಗೆ ದದ್ದು. ಅವಳನ್ನು ಕೂರಿಸಿ ಕೊಬ್ಬರಿ ಎಣ್ಣೆ ಸವರಿದೆ. ಒಂದು ವಾರ ಮಗು ಕಚ್ಚಿಸಿಕೊಂಡಿತ್ತು, ನಮ್ಮಲ್ಲಿ ಒಬ್ಬರಿಗೂ ಕೇಳಬೇಕು ಅನಿಸಿರಲಿಲ್ಲವಲ್ಲ ಎಂದು ಬೇಜಾರಾಯಿತು. ಇಡೀ ಅಂಗಡಿಯಲ್ಲಿ ಬರೆದದ್ದು ನಿಜವಾಗಿದ್ದ ಚೀಲ ಅದೊಂದೇ. ಅದನ್ನು ನಾವು ಯಾರೂ ಓದಿರಲಿಲ್ಲ.

೫. ಬೀಗರ ಚೀಲಗಳು

ತೋಟದವನ ಮನೆಯಲ್ಲಿ ಅಟ್ಟ ಇಳಿಸುವ ದಿನ ಎಂದರೆ ಒಂಥರಾ ಹಬ್ಬ. ತೆಂಗಿನಕಾಯಿಗಳನ್ನು ವರ್ಷದಷ್ಟು ಕಾಲ ಅಟ್ಟದ ಮೇಲೆ ಹಾಕಿಟ್ಟಿರುತ್ತಾರೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾದ ಮೇಲೆ ಇಳಿಸಿ, ಸುಲಿದು, ಚಿಪ್ಪು ಒಡೆಯುತ್ತಾರೆ. ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದರೆ ಉಂಡೆ ಲೊಡಲೊಡ ಅನ್ನಬೇಕು. ಹೆಚ್ಚುಕಡಿಮೆಯಾದರೆ ಒಳಗೆ ಕೌಟಾಗಿರುತ್ತದೆ, ಅಂದರೆ ಕೆಟ್ಟು ನಾತ ಬಂದಿರುತ್ತದೆ. ಮೇಷ್ಟ್ರಿಗೆ ತನ್ನ ಕಿವಿಯ ಮೇಲೆ ಬಲು ಜಂಬ. ಪ್ರತಿ ವರ್ಷ ಹೋಗಿ ಕಟ್ಟೆಯ ಮೇಲೆ ಕೂತು ಒಂದೊಂದೇ ಕಾಯಿ ಅಲ್ಲಾಡಿಸಿ ತನಗೆ ಬೇಕಾದ್ದು ಆರಿಸಿಕೊಳ್ಳುತ್ತಿದ್ದ. ತೋಟದವನು ಬೈಯುತ್ತಾ ಒಡೆದುಕೊಡುತ್ತಿದ್ದ.

ಆ ವರ್ಷ ಮೇಷ್ಟ್ರು ಹೋಗಲಿಲ್ಲ. ಕಟ್ಟೆ ಖಾಲಿಯಿತ್ತಂತೆ.

ಅದಾಗಿ ಸ್ವಲ್ಪ ದಿನಕ್ಕೆ ಮೇಷ್ಟ್ರು ಒಂದು ಚೀಲ ತಂದು ನನ್ನ ಅಂಗಡಿಯ ಮೂಲೆಗೆ ಎಸೆದ. ಬಾಯಿ ಕಟ್ಟಿದ ಚೀಲ. ಅದರ ಮೇಲೆ ಮೇಷ್ಟ್ರ ಪಕ್ಷದ ನಾಯಕನ ಮುಖ ನಗುತ್ತಿತ್ತು.

“ನೋಡಿದ್ಯಾ ನಮ್ಮ ಬೀಗನ ಕೊಬ್ಬು? ನಮ್ಮ ನಾಯಕನ ಮುಖ ಇರೋ ಚೀಲದಲ್ಲಿ ಏನೋ ತುಂಬಿ ಕಳ್ಸವ್ನೆ. ಅಣಕ ಮಾಡಕ್ಕೆ. ನಾನು ಮುಟ್ಟಲ್ಲ” ಅಂದ.

ಎರಡು ದಿನ ಬಿಟ್ಟು ತೋಟದವನು ಕುಂಟುತ್ತಾ ಬಂದ. ಅವನ ಕೈಯಲ್ಲೂ ಒಂದು ಚೀಲ. ಅದರ ಮೇಲೆ ಅವನ ಪಕ್ಷದ ನಾಯಕ ಕೈ ಮುಗಿದು ನಿಂತಿದ್ದ.

“ಓದಿದೋನ ಬುದ್ಧಿ ನೋಡ್ಲಾ. ನಮ್ಮ ನಾಯಕರನ್ನ ಚೀಲಕ್ಕೆ ಹಾಕಿ ಕಳ್ಸವ್ನೆ, ಹಂಗಿಸಕ್ಕೆ. ಬಿಚ್ಚಿ ನೋಡಕ್ಕೂ ಮನಸ್ಸಿಲ್ಲ. ಇಟ್ಕೋ ನೀನೇ” ಅಂದ.

ಬೀಗರ ನಡುವಿನ ಸಾಮಾನು ನಾನು ಬಿಚ್ಚುವುದು ಹೇಗೆ? ಎರಡನ್ನೂ ಒಂದರ ಪಕ್ಕ ಒಂದು ಇಟ್ಟೆ. ಬೀಗರು ಕೂರುತ್ತಿದ್ದ ಜಾಗದಲ್ಲಿ ಅವರ ಚೀಲಗಳು ಕೂತವು. ಮಳೆಗಾಲ ಬಂತು, ನನ್ನ ಹೆಂಚಿನ ಮಾಡು ಸೋರಿತು, ಮಳೆಗಾಲ ಹೋಯಿತು. ತೋಟದವನ ಮಂಡಿ ನೋವು ಜಾಸ್ತಿಯಾಗಿ ಪೇಟೆಗೆ ಬರುವುದು ಕಡಿಮೆಯಾಯಿತು. ಮೇಷ್ಟ್ರು ಬಂದರೂ ಪೇಪರ್ ಮುಗಿಸಿ ಸುಮ್ಮನೆ ಕೂತಿರುತ್ತಿದ್ದ. ಆ ತಿಂಗಳುಗಳಲ್ಲಿ ನನ್ನ ಅಂಗಡಿಯಲ್ಲಿ ಯಾರೂ ಗಟ್ಟಿಯಾಗಿ ನಕ್ಕ ನೆನಪಿಲ್ಲ.

ದೀಪಾವಳಿ ಕಳೆದ ಮೇಲೆ ಒಂದು ಸಂಜೆ ಹುಡುಗಿ ತಿರುವಲು ಚೀಲ ಹುಡುಕುತ್ತಾ ಮೂಲೆಗೆ ಹೋದಳು. ಅವಳ ಅಮ್ಮ ನನ್ನ ಹತ್ತಿರ ನಿಂತಿದ್ದಳು. ಹುಡುಗಿ ಒಂದು ಚೀಲದ ಬಾಯಿ ಬಿಚ್ಚಿ ಎಳೆದೇಬಿಟ್ಟಳು. ಸುಲಿದ, ಒಡೆಯದ ಕಾಯಿಗಳು ಉರುಳಿದವು. ಇನ್ನೊಂದನ್ನು ಎಳೆದಳು. ಮಂಡಿ ನೋವಿನ ಎಣ್ಣೆಯ ಸೀಸೆಯೊಂದು, ತೋಟದವನು ಬೀಗರ ಮನೆಯಲ್ಲಿ ಮರೆತಿದ್ದ ಉಲ್ಲನ್ ಟೋಪಿಯೊಂದು ಬಿದ್ದವು. ಎಣ್ಣೆ ಅರ್ಧ ಸೋರಿ ಟೋಪಿ ನೆಂದುಹೋಗಿತ್ತು.

ಹುಡುಗಿ ಚೀಲ ಮಡಿಸುತ್ತಾ ಹೇಳಿದಳು: “ಪೇಪರ್ ತಾತ ಬಂದಿಲ್ಲ, ಆರಿಸ್ಕೊಳ್ಳಕ್ಕೆ ಆಗ್ಲಿಲ್ಲ ಅಂತ ತೋಟದ ತಾತ ಕಾಯಿ ಒಡೀದೆ ಎತ್ತಿಟ್ರು. ಗೂಟದಲ್ಲಿದ್ದ ಚೀಲ ಎಲ್ಲಾ ತೆಗ್ಸಿ ಇದ್ನೇ ಹುಡುಕಿದ್ರು, ಅವರ ನಾಯಕರ ಫೋಟೋ ಇದ್ರೆ ಮೇಷ್ಟ್ರಿಗೆ ಖುಷಿ ಆಗ್ತೈತೆ ಅಂತ. ಪೇಪರ್ ತಾತನೂ ಎಣ್ಣೆ, ಟೋಪಿ ಕಳ್ಸಕ್ಕೆ ಹಂಗೇ ಚೀಲ ಹುಡುಕಿದ್ರು.”

“ಇಷ್ಟು ದಿನ ಯಾಕೆ ಹೇಳ್ಲಿಲ್ಲ ಕಂದಾ?” ಅಂದಳು ಅಮ್ಮ.

“ನೀನೇ ಹೇಳಿದ್ದೆ. ದೊಡ್ಡೋರ ಜಗಳದ ಮಧ್ಯ ಮಕ್ಕಳು ಹೋಗಬಾರದು, ಟ್ರಾಮಾ ಆಗುತ್ತೆ ಅಂತ.”

ಅಮ್ಮನ ಕಣ್ಣು ತುಂಬಿತು. ಇಬ್ಬರಿಗೂ ಅವಳೇ ಫೋನ್ ಮಾಡಿದಳು. “ಚೀಲದ ಅಂಗಡಿಗೆ ಬನ್ನಿ” ಎಂದಷ್ಟೇ ಹೇಳಿದಳು. ಮೇಷ್ಟ್ರು ನಡೆದು ಬಂದ. ತೋಟದವನನ್ನು ಮಗ ಸ್ಕೂಟರಿನಲ್ಲಿ ತಂದು ಇಳಿಸಿದ. ಹುಡುಗಿ ಹೇಳಿದ್ದನ್ನೇ ಇನ್ನೊಮ್ಮೆ ಹೇಳಿದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ, ನೆಲದ ಮೇಲೆ ಬಿದ್ದಿದ್ದ ಕಾಯಿಗಳನ್ನು, ಎಣ್ಣೆ ಸೀಸೆಯನ್ನು ನೋಡುತ್ತಾ ನಿಂತರು.

ಮೇಷ್ಟ್ರು ಬಗ್ಗಿ ಒಂದು ಕಾಯಿ ಎತ್ತಿಕೊಂಡ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಕಣ್ಣು ಮುಚ್ಚಿ ಇನ್ನೊಮ್ಮೆ ಅಲ್ಲಾಡಿಸಿದ.

“ಚೆನ್ನಾಗೈತೆ. ಉಂಡೆ ಸರಿಯಾಗಿ ಬಿಟ್ಟೈತೆ” ಅಂದ.

ತೋಟದವನು ನನ್ನ ಮಚ್ಚು ತೆಗೆದುಕೊಂಡು ಒಡೆದ. ಒಳಗೆ ಕಪ್ಪಗಿತ್ತು. ಕೌಟು ನಾತ ಅಂಗಡಿ ತುಂಬಿತು. ಮೇಷ್ಟ್ರು ಇನ್ನೊಂದು ಆರಿಸಿದ, ಅದೂ ಕೌಟು. ಮೂರನೆಯದೂ ಕೌಟು. ಅಷ್ಟು ಆಸೆಯಿಂದ ಎತ್ತಿಟ್ಟ ಕಾಯಿ ಒಂದೂ ಉಳಿದಿರಲಿಲ್ಲ. ಬಿಚ್ಚಿ ನೋಡದೆ ಕಳೆದ ದಿನಗಳನ್ನು ನೆನೆದು ನನಗೆ ಅಳು ಬರುವಂತಾಯಿತು.

ತೋಟದವನು ಮಚ್ಚು ಕೆಳಗಿಟ್ಟ.

“ಲೇ, ನಿನ್ನ ಕಿವಿ ಹೋಯ್ತು ಕಣ್ಲಾ” ಅಂದ.

ಆ ‘ಲೇ’ ಕೇಳಿ ನಾನು ಮೇಷ್ಟ್ರ ಬಾಯನ್ನೇ ನೋಡಿದೆ.

“ಕಿವಿ ಸರಿಯಾಗೇ ಐತೆ ಕಣ್ಲಾ. ಇಟ್ಟಿರೋ ಜಾಗ ನೋಡು” ಅಂದ ಮೇಷ್ಟ್ರು.

ಇಬ್ಬರೂ ಮಳೆ ನೀರಿನ ಕಲೆ ಹಿಡಿದ ನೆಲ ನೋಡಿದರು, ಸೋರುವ ಹೆಂಚು ನೋಡಿದರು, ಆಮೇಲೆ ಒಟ್ಟಿಗೆ ನನ್ನ ಕಡೆ ತಿರುಗಿದರು. ಬೈಗುಳ ಶುರುವಾಯಿತು. ಒಬ್ಬ ಬಿಟ್ಟಲ್ಲಿಂದ ಇನ್ನೊಬ್ಬ ಹಿಡಿದ. ಮಾಡು ರಿಪೇರಿ ಮಾಡಿಸದ ಜಿಪುಣ ಅಂದರು, ಆ ಪಕ್ಷವೂ ಅಲ್ಲ ಈ ಪಕ್ಷವೂ ಅಲ್ಲದ ಎಡಬಿಡಂಗಿ ಅಂದರು. ಕೊನೆಗೆ ಮೇಷ್ಟ್ರು, “ಇವನೇ ಕಣ್ಲಾ ನಿಜವಾದ ಕೌಟು” ಅಂದ. ತೋಟದವನು ಎಣ್ಣೆ ಜಿಡ್ಡಿನ ಟೋಪಿಯನ್ನು ತಲೆಗೆ ಹಾಕಿಕೊಳ್ಳುತ್ತಾ, “ಕೌಟು, ಕೌಟು. ಸರಿಯಾದ ಹೆಸರು ಬುಡು” ಅಂದ. ಇಬ್ಬರೂ ಚೀಲದ ರಾಶಿ ಹತ್ತಿ ಕೂತು ಬೋಂಡಾ ತರಿಸು ಎಂದರು.

ಈಗ ವಾಟ್ಸಾಪ್ ಗುಂಪಿನಲ್ಲಿ ನನ್ನ ಹೆಸರು ಕೌಟು. ಮೊನ್ನೆ ಹುಡುಗಿಯೂ ನನ್ನನ್ನು ಕೌಟು ತಾತ ಎಂದು ಕರೆದಳು. ಅವಳ ಅಮ್ಮನಿಗೆ ಗಾಬರಿಯಾಯಿತು.

“ಹಂಗೆಲ್ಲ ದೊಡ್ಡೋರಿಗೆ ಹೆಸರಿಡಬಾರದು ಕಂದಾ, ತಾತನ ಮನಸ್ಸಿಗೆ ನೋವಾಗುತ್ತೆ” ಅಂದಳು.

“ಇರಲಿ ಬಿಡಮ್ಮ. ನಿಮ್ಮಪ್ಪನೂ ನಿಮ್ಮ ಮಾವನೂ ಇಬ್ರೂ ಸೇರಿ ಒಪ್ಪಿಕೊಂಡಿರೋದು ಇದೊಂದೇ” ಅಂದೆ.